ನೋವಿರುವಾಗಲೇ ಮೂತ್ರವನ್ನು ಡಬ್ಬಿಗೆ ಹಿಡಿಯಿರಿ

22 ವರ್ಷದಿಂದ ಲ್ಯಾಬಿನಲ್ಲಿದ್ದೇನೆ. ಹೊಟ್ಟೆನೋವು ಅಂತ ಅಪೆಂಡಿಕ್ಸ್ ತೆಗೆಸಿಕೊಂಡು, ಆಮೇಲೂ ಅದೇ ನೋವಿಗೆ ಮತ್ತೆ ಮತ್ತೆ ದಾಖಲಾಗುತ್ತಿದ್ದ ಹುಡುಗಿಯೊಬ್ಬಳ ಮೂತ್ರದ ಡಬ್ಬಿ ಒಂದು ದಿನ ಕಿಟಕಿ ಪಕ್ಕ ಉಳಿದುಹೋಗಿತ್ತು. ಸಂಜೆ ನೋಡಿದರೆ ಡಿಕಾಕ್ಷನ್ ಬಣ್ಣ! ಓಡಿಹೋಗಿ ಡಾಕ್ಟರಿಗೆ ತೋರಿಸಿದೆ. ಪೋರ್ಫಿರಿಯಾ ಎಂಬ ಹೆಸರು ಅವಳ ಕೇಸ್‌ಶೀಟಿಗೆ ಬಂದದ್ದು ಆವತ್ತು. ಮೈಯಲ್ಲಿ ಹೀಮ್ ತಯಾರಾಗುವಾಗ ಎಡವಟ್ಟಾಗುವ ಕಾಯಿಲೆ ಅದು.

ರಕ್ತಕ್ಕೆ ಕೆಂಪು ಕೊಡುವ ಈ ಹೀಮ್ ತಯಾರಾಗಲು ಎಂಟು ಕಿಣ್ವ ಬೇಕು. ಅವಳ ಬಗೆಯ ಪೋರ್ಫಿರಿಯಾದಲ್ಲಿ ಕೊರತೆ ಮೂರನೆಯದರದು. ಅದರ ಜೀನ್ ಎಚ್‌ಎಂಬಿಎಸ್, 11ನೇ ವರ್ಣತಂತುವಿನಲ್ಲಿದೆ. ಹೀಮ್‌ನ ಕಚ್ಚಾ ಸಾಮಗ್ರಿಯಾದ ಪಿಬಿಜಿಯ (ಪೋರ್ಫೋಬಿಲಿನೋಜೆನ್) ನಾಲ್ಕು ಅಣುಗಳನ್ನು ಒಂದು ಸರವಾಗಿ ಪೋಣಿಸುವುದು ಆ ಕಿಣ್ವದ ಕೆಲಸ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಕಿಣ್ವ ಅರ್ಧಕ್ಕಿಳಿಯುತ್ತದೆ. ಬೇರೆ ದಿನ ಅಷ್ಟರಲ್ಲೇ ನಡೆದುಹೋಗುತ್ತದೆ. ಉಪವಾಸ, ಮುಟ್ಟಿನ ಹಿಂದಿನ ದಿನಗಳು, ಮದ್ಯ, ಫೆನಿಟಾಯಿನ್‌ನಂಥ ಫಿಟ್ಸ್ ಮಾತ್ರೆ ಎದುರಾದಾಗ ಲಿವರ್ ಹೀಮ್ ತಯಾರಿಯ ಮೊದಲ ಹಂತವನ್ನು ಜೋರು ಮಾಡುತ್ತದೆ. ಪೋಣಿಸದೆ ಉಳಿದ ಪಿಬಿಜಿ ಮೂತ್ರಕ್ಕೆ ಬರುತ್ತದೆ.

ಅದಕ್ಕೇ ನೋವಿರುವಾಗಲೇ, ಪಿಬಿಜಿ ಇಳಿಸುವ ಹೀಮಿನ್ ಔಷಧದ ಡ್ರಿಪ್ ಹಾಕುವ ಮುಂಚೆಯೇ ಮೂತ್ರವನ್ನು ಡಬ್ಬಿಗೆ ಹಿಡಿಯಿರಿ. 24 ಗಂಟೆ ಕೂಡಿಡುವುದು ಬೇಡ, ಒಂದು ಸಲದ ಮೂತ್ರ ಸಾಕು. ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿ, ಕೂಡಲೇ ಅಡುಗೆಮನೆಯ ಫಾಯಿಲನ್ನು ಮುಚ್ಚಳವೂ ಕಾಣದ ಹಾಗೆ ಸುತ್ತಿ ಫ್ರಿಜ್‌ನಲ್ಲಿಡಿ. ದೂರದ ಲ್ಯಾಬಿಗೆ ಹೋಗುವುದಾದರೆ ಐಸ್‌ಪ್ಯಾಕ್ ಜೊತೆ ಕಳಿಸಿ. ಬೆಳಕು ತಗುಲಿದರೆ ಪಿಬಿಜಿ ಬೇರೆ ರೂಪಕ್ಕೆ ತಿರುಗಿ ಕಡಿಮೆಯಾಗುತ್ತಾ ಹೋಗುತ್ತದೆ, ಇದ್ದದ್ದೂ ಕಡಿಮೆ ಕಾಣುತ್ತದೆ. ಪರೀಕ್ಷೆಯ ಚೀಟಿಯಲ್ಲಿ ‘ಪಿಬಿಜಿ, ಕ್ರಿಯಾಟಿನೈನ್’ ಎರಡೂ ಇರಲಿ. ಕ್ರಿಯಾಟಿನೈನ್‌ಗೆ ಹೋಲಿಸಿ ನೋಡುವುದರಿಂದ, ನೀರು ಜಾಸ್ತಿ ಕುಡಿದು ಮೂತ್ರ ತೆಳ್ಳಗಾಗಿದ್ದರೂ ಲೆಕ್ಕ ತಪ್ಪುವುದಿಲ್ಲ. ಬರೀ ‘ಪೋರ್ಫಿರಿನ್’ ಅಂತ ಬರೆದರೆ ಆಗುವುದೇ ಬೇರೆ ಪರೀಕ್ಷೆ.

ನಾನು ಮೊದಲು, ಪಿಬಿಜಿ ಇದ್ದರೆ ಕೆಂಪಾಗುವ ಎರ್ಲಿಕ್ ದ್ರಾವಣ ಬೆರೆಸಿ ನೋಡುತ್ತೇನೆ. ದಾಸವಾಳದ ಕೆಂಪು ಬಂದರೂ ಅಲ್ಲಿಗೇ ನಿಲ್ಲಬಾರದು, ಎಲ್ಲರ ಮೂತ್ರದಲ್ಲೂ ಸ್ವಲ್ಪ ಇರುವ ಯೂರೋಬಿಲಿನೋಜೆನ್ ಕೂಡ ಹಾಗೆಯೇ ಕೆಂಪಾಗುತ್ತದೆ. ಕ್ಲೋರೋಫಾರ್ಮ್ ಹಾಕಿ ಕುಲುಕಿದರೆ ಅದರ ಕೆಂಪು ತಳಕ್ಕಿಳಿಯುತ್ತದೆ, ಪಿಬಿಜಿಯದು ಮೇಲಿನ ನೀರಲ್ಲೇ ನಿಲ್ಲುತ್ತದೆ. ಆಮೇಲೂ ಪ್ರಮಾಣ ಅಳೆಸಲೇಬೇಕು.

ಜೀನ್ ಪರೀಕ್ಷೆಗೆ ಈ ಅವಸರ ಇಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಯಾವತ್ತು ಬೇಕಾದರೂ ಕೊಡಬಹುದು. ದಯವಿಟ್ಟು ಊಟ ಮಾಡಿ ಬನ್ನಿ, ಈ ಕಾಯಿಲೆಯವರು ಹಸಿದಿರಬಾರದು. ಒಬ್ಬರಲ್ಲಿ ದೋಷ ಸಿಕ್ಕಿದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳನ್ನೂ ಪರೀಕ್ಷಿಸಬೇಕು. ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ, ಆದರೆ ಬಂದವರಲ್ಲಿ ಬಹುಪಾಲು ಜನರಿಗೆ ನೋವೇ ಕಾಣಿಸುವುದಿಲ್ಲ. ಆ ಹುಡುಗಿಯ ಜೀನಿನಲ್ಲಿದ್ದ ದೋಷ ಅವರಮ್ಮನಲ್ಲೂ ಸಿಕ್ಕಿತು. ಅವರಿಗೆ ಒಂದು ದಿನವೂ ಹೊಟ್ಟೆನೋವು ಬಂದಿರಲಿಲ್ಲ. ಈಗ ಸೋಮವಾರದ ಒಪ್ಪೊತ್ತು ಬಿಟ್ಟಿದ್ದಾರೆ.