ಬಳ್ಳಾರಿ ಮನೆಯಲ್ಲೇ ಇಟಲಿಯ ಅಗ್ಗದ ಊಟ

ಇಟಲಿಯ ಊರ ನಡುವಿನ ಹಳೇ ಹೋಟೆಲುಗಳಲ್ಲಿ ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸುವುದು ಬೆಳ್ಳುಳ್ಳಿ-ಎಣ್ಣೆಯ ಸ್ಪಗೆಟಿ (ಶಾವಿಗೆಯಂಥ ಉದ್ದ ಎಳೆಯ ಪಾಸ್ತಾ). ಬಳ್ಳಾರಿಯಲ್ಲಿ ಇದಕ್ಕಾಗಿ ಚೀಸ್ ಹುಡುಕಿ ಅಲೆಯಬೇಕಿಲ್ಲ. ಸ್ಪಗೆಟಿ ಪೊಟ್ಟಣದ ಮೇಲೆ ದುರಮ್ ಗೋಧಿ (ಗಟ್ಟಿ ಕಾಳಿನ ಗೋಧಿ) ಅಂತ ಇದೆಯಾ ನೋಡಿ, ಮೈದಾದ್ದು ಬೇಡ, ಬೇಗ ಮೆತ್ತಗಾಗುತ್ತೆ. ಒಬ್ಬರಿಗೆ 100 ಗ್ರಾಂ, 1 ಲೀಟರ್ ನೀರು, 10 ಗ್ರಾಂ ಉಪ್ಪು.

ಬೆಳ್ಳುಳ್ಳಿ ತೆಳ್ಳಗೆ ಹೆಚ್ಚಿ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಗಿಡಿ; ಅಂಚು ಹೊಂಬಣ್ಣಕ್ಕೆ ತಿರುಗಿ ಘಮ ಬಂದ ತಕ್ಷಣ ಮುರಿದ ಒಣಮೆಣಸಿನಕಾಯಿ ಹಾಕಿ ಒಲೆ ಆರಿಸಿ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬೆಳ್ಳುಳ್ಳಿ ಸೀದರೆ ಕಹಿ, ಆಮೇಲೆ ಏನು ಮಾಡಿದರೂ ಸರಿಹೋಗಲ್ಲ.

ಕುದಿಯುವ ಉಪ್ಪುನೀರಲ್ಲಿ ಸ್ಪಗೆಟಿ ಬೇಯಿಸಿ, ನಡುವೆ ಇನ್ನೂ ಚೂರು ಗಟ್ಟಿ ಇರುವಾಗಲೇ ಎತ್ತಿ ಬೆಳ್ಳುಳ್ಳಿ ಎಣ್ಣೆಯ ಬಾಣಲೆಗೆ ಹಾಕಿ. ಬೇಯಿಸಿದ ನೀರು ಮಾತ್ರ ಚೆಲ್ಲಬೇಡಿ! ಅದರಲ್ಲಿ ಒಂದು ಸೌಟು ಹಾಕಿ, ಉರಿಯ ಮೇಲಿಟ್ಟು ಜೋರಾಗಿ ಕಲಸಿದರೆ ಎಣ್ಣೆ-ನೀರು ಬೆರೆತು ಎಳೆ ಎಳೆಗೂ ಅಂಟುತ್ತೆ. ಬಿಸಿ ಇದ್ದಾಗಲೇ ತಿನ್ನಿ.