ರಜೆ ಲೆಕ್ಕ ಸರಿಪಡಿಸಿಕೊಂಡಿದ್ದು: ನನ್ನ ಅನುಭವ

ರಾಜ್ಯ ಸರ್ಕಾರಿ ಕಚೇರಿಯೊಂದರಲ್ಲಿ ನನ್ನ ಕೆಲಸ. ಡೆಂಗಿ ಜ್ವರದ ರಜೆಯನ್ನು ನಮ್ಮ ಸಿಬ್ಬಂದಿ ಶಾಖೆ ಗಳಿಕೆ ರಜೆಯಿಂದ (ಸೇವೆ ಮಾಡಿದಂತೆ ಜಮೆಯಾಗುವ ಪೂರ್ಣ ವೇತನದ ರಜೆ) ಕಳೆದಿತ್ತು. ಭಾನುವಾರದ ಕೆಲಸಕ್ಕೆ ಸಿಗಬೇಕಾದ ಪರಿಹಾರ ರಜೆ ಲೆಕ್ಕದಲ್ಲೇ ಇರಲಿಲ್ಲ. ಬಾಯಿಮಾತಿನಲ್ಲಿ ಕೇಳಿದಾಗ ‘ನೋಡೋಣ’ ಎಂಬ ಉತ್ತರವೇ ಸಿಕ್ಕಿತು. ಆ ಪದಕ್ಕೆ ಸರ್ಕಾರಿ ಕಚೇರಿಯಲ್ಲಿ ಆಯಸ್ಸು ಬಹಳ.

ವೈದ್ಯಕೀಯ ಪ್ರಮಾಣಪತ್ರವಿದ್ದರೆ ಪರಿವರ್ತಿತ ರಜೆ, ಅಂದರೆ ಅರ್ಧ ವೇತನ ರಜೆಯನ್ನು ಪೂರ್ಣ ವೇತನದ ರಜೆಯಾಗಿ ಬದಲಿಸಿಕೊಂಡದ್ದು, ಕೇಳಬಹುದು. ಸಂಬಳ ಪೂರ್ತಿ ಬರುತ್ತದೆ. ಒಂದು ದಿನಕ್ಕೆ ಎರಡು ದಿನದ ಅರ್ಧ ವೇತನ ರಜೆ ಖರ್ಚಾಗುತ್ತದೆ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನ ಜಮೆಯಾಗುತ್ತದೆ. ಗಳಿಕೆ ರಜೆಗೆ ನಿವೃತ್ತಿಯಾಗುವಾಗ ನಗದು ಸಿಗುವುದರಿಂದ ಅದನ್ನು ಜ್ವರಕ್ಕೆ ಸುರಿಯುವುದು ದಡ್ಡತನ.

ಹಾಗಾಗಿ ಜಗಳಕ್ಕಿಳಿಯದೆ ಲಿಖಿತ ಮನವಿ ಕೊಟ್ಟೆ. ನಾನು ಸಲ್ಲಿಸಿದ್ದ ಅರ್ಜಿಯಲ್ಲಿ ‘ಪರಿವರ್ತಿತ ರಜೆ’ ಎಂದೇ ಇತ್ತು. ಅದರ ಸ್ವೀಕೃತಿ ಪ್ರತಿ, ವೈದ್ಯರು ಕೊಟ್ಟ ಅನಾರೋಗ್ಯ ಪ್ರಮಾಣಪತ್ರ ಮತ್ತು ಕ್ಷಮತಾ (ಮತ್ತೆ ಕೆಲಸಕ್ಕೆ ಯೋಗ್ಯ ಎನ್ನುವ) ಪ್ರಮಾಣಪತ್ರ, ಭಾನುವಾರ ಹಾಜರಾಗುವಂತೆ ಹೊರಡಿಸಿದ್ದ ಕಚೇರಿ ಆದೇಶ, ಹಾಜರಿ ಪುಸ್ತಕದ ಆ ಪುಟದ ನಕಲು, ಎಲ್ಲವನ್ನೂ ಲಗತ್ತಿಸಿದೆ. ಆದೇಶದ ಪ್ರತಿಯೇ ಗೆಲ್ಲಿಸಿತು. ಹಾಜರಿಯ ಸಹಿ ಮಾತ್ರ ಇದ್ದಿದ್ದರೆ ‘ಯಾರು ಬರಹೇಳಿದರು?’ ಎನ್ನುತ್ತಿದ್ದರು.

ತಿದ್ದುಪಡಿ ಆದೇಶ ಬಂದ ಬಳಿಕವೂ ಬಿಡಲಿಲ್ಲ. ಸೇವಾ ಪುಸ್ತಕದ ರಜೆ ಲೆಕ್ಕದಲ್ಲಿ ಅಧಿಕಾರಿಯ ದೃಢೀಕರಣದ ಸಹಿ ಬಿದ್ದಿದ್ದನ್ನು ನೋಡಿ, ಆ ಪುಟದ ಪ್ರತಿ ಪಡೆದುಕೊಂಡೆ.