ಕಲಬುರಗಿ ಬಿಸಿಲು, ಬೋರ್ ನೀರು ಮತ್ತು ನಮ್ಮ ಮನೆಯ ಮೀನುಗಳು

ಕಳೆದ ವರ್ಷ ಏಪ್ರಿಲ್ ಎರಡನೇ ವಾರ. ಬೆಳಗ್ಗೆ ಐದೂವರೆಗೆ ಎದ್ದು ಹಾಲ್‌ಗೆ ಬಂದೆ. ಟ್ಯಾಂಕಿನಲ್ಲಿದ್ದ ಹನ್ನೊಂದು ಮೀನುಗಳೂ ನೀರಿನ ಮೇಲ್ಭಾಗದಲ್ಲೇ ನಿಂತು ಬಾಯಿ ಬಿಡುತ್ತಿದ್ದವು. ಕಿವಿರು ಜೋರಾಗಿ ಬಡಿದುಕೊಳ್ಳುತ್ತಿತ್ತು. ಒಂದು ಗಪ್ಪಿ ಆಗಲೇ ಫಿಲ್ಟರ್ ಪಕ್ಕ ಮಗುಚಿಕೊಂಡಿತ್ತು. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿತ್ತು. ಅಮ್ಮ ನೋಡಿ, "ಮೀನಿಗೂ ಬಿಸಿಲು ಹತ್ತೇದ ನೋಡು" ಎಂದರು. ಅವರು ಹೇಳಿದ್ದು ಅರ್ಧ ಸರಿ ಇತ್ತು. ಉಳಿದರ್ಧ ಗೊತ್ತಾಗಲು ನನಗೆ ಸುಮಾರು ಎರಡು ತಿಂಗಳು ಬೇಕಾಯಿತು.

ನಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಕಲ್ಲು, ಮರಳು ಕಳೆದರೆ ಹೆಚ್ಚುಕಡಿಮೆ 45 ಲೀಟರ್ ನೀರು ಹಿಡಿಯುತ್ತದೆ. ಮಗಳಿಗೆಂದು ಜನವರಿಯಲ್ಲಿ ತಂದಿದ್ದು. ಎರಡು ಗೋಲ್ಡ್ ಫಿಶ್, ಐದು ಗಪ್ಪಿ, ನಾಲ್ಕು ಮೊಲಿ ಇದ್ದವು. ನಳದ ನೀರು ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಉಳಿದ ದಿನ ಬೋರ್ ನೀರೇ ಗತಿ. ಟ್ಯಾಂಕಿಗೂ ಅದನ್ನೇ ಹಾಕುತ್ತಿದ್ದೆ.

ಆ ಬೆಳಗ್ಗೆ ನಾನು ಮೊದಲು ಮಾಡಿದ ಕೆಲಸ ತಪ್ಪು. ಅಂಗಡಿ ತೆರೆಯುವುದನ್ನೇ ಕಾದು ಒಂದು ನೀಲಿ ಔಷಧಿ ತಂದು ಹಾಕಿದೆ. ಮೆಥಿಲೀನ್ ಬ್ಲೂ. "ಯಾವ ರೋಗಕ್ಕಾದರೂ ನಡೆಯುತ್ತದೆ" ಎಂದಿದ್ದರು. ಮೂರನೇ ದಿನಕ್ಕೆ ಸತ್ತ ಮೀನುಗಳ ಸಂಖ್ಯೆ ನಾಲ್ಕಾಯಿತು. ಮೂರು ಗಪ್ಪಿ, ಒಂದು ಗೋಲ್ಡ್ ಫಿಶ್. ಮಗಳು ಆ ಗೋಲ್ಡ್ ಫಿಶ್‌ಗೆ ಹೆಸರಿಟ್ಟಿದ್ದಳು. ಅವತ್ತು ಸಂಜೆ ಅವಳು ಊಟ ಮಾಡಲಿಲ್ಲ. ಆಗ ಔಷಧಿ ಬಿಟ್ಟು ನೀರನ್ನು ಪರೀಕ್ಷೆ ಮಾಡುವ ಕಿಟ್ ತರಿಸಿದೆ. ಗಾಜಿನ ಕೊಳವೆಯಲ್ಲಿ 5 ಎಂಎಲ್ ನೀರು ಹಿಡಿದು ಹನಿ ಹಾಕಿ, ಬಣ್ಣವನ್ನು ಚಾರ್ಟ್ ಜೊತೆ ಹೋಲಿಸುವ ಕಿಟ್ ಅದು. ಜೊತೆಗೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ, ಪೆನ್ನಿನಂಥ ಒಂದು ಟಿಡಿಎಸ್ ಮೀಟರ್, ಒಂದು ಥರ್ಮಾಮೀಟರ್. ಇವು ಮೂರೂ ಟ್ಯಾಂಕ್ ತಂದ ದಿನವೇ ಮನೆಯಲ್ಲಿರಬೇಕಿತ್ತು.

ಅಮೋನಿಯಾ 0.5 ಪಿಪಿಎಂ, ಅಂದರೆ ಲೀಟರಿಗೆ ಅರ್ಧ ಮಿಲಿಗ್ರಾಂ. ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 8.4. ನೀರಿನ ಬಿಸಿ 32 ಡಿಗ್ರಿ.

ಚಾರ್ಟ್‌ನಲ್ಲಿ 0.5 ಎಂದರೆ ತಿಳಿ ಹಸಿರು. ನೋಡಿದರೆ ಭಯ ಆಗುವ ಬಣ್ಣವಲ್ಲ. ಅಷ್ಟಕ್ಕೇ ಮೀನು ಸಾಯುತ್ತವಾ ಅಂತ ಅನುಮಾನ ಬಂತು. ಓದುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸಿದ್ದು ಇದೇ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಅದು ಮೀನಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಇನ್ನೊಂದು ಬಿಡಿ ಅಮೋನಿಯಾ, ಇದು ವಿಷ. ಕಿಟ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಅದರಲ್ಲಿ ವಿಷದ ಪಾಲು ಎಷ್ಟು ಎನ್ನುವುದು ಪಿಎಚ್ ಮತ್ತು ಬಿಸಿಯ ಮೇಲೆ ನಿಲ್ಲುತ್ತದೆ. ಪಿಎಚ್ 7, ಬಿಸಿ 25 ಡಿಗ್ರಿ ಇದ್ದರೆ ವಿಷದ ಪಾಲು ನೂರಕ್ಕೆ ಒಂದೂ ಇಲ್ಲ, ಸುಮಾರು 0.6. ನನ್ನ ಟ್ಯಾಂಕಿನ ಹಾಗೆ ಪಿಎಚ್ 8.4, ಬಿಸಿ 32 ಇದ್ದರೆ ನೂರಕ್ಕೆ ಸುಮಾರು 19. ಅಂದರೆ ಅದೇ ತಿಳಿ ಹಸಿರು ಬಣ್ಣ, ಆದರೆ ವಿಷ ಮೂವತ್ತು ಪಟ್ಟು ಜಾಸ್ತಿ. ಮೆದು ನೀರಿನ, ತಂಪು ಊರಿನವರು "0.5 ಇದ್ದರೆ ಚಿಂತೆ ಬೇಡ" ಎಂದರೆ ಅದು ಅವರ ನೀರಿಗೆ ನಿಜ ಇರಬಹುದು. ಕಲಬುರಗಿಯ ಏಪ್ರಿಲ್‌ಗೆ ಅಲ್ಲ.

ಇದರ ಮೇಲೆ ಉಸಿರಿನ ಕಷ್ಟ ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 32ರಲ್ಲಿ ಏಳು ಚಿಲ್ಲರೆಗೆ ಇಳಿಯುತ್ತದೆ. ಬಿಸಿಯಲ್ಲಿ ಮೀನಿಗೆ ಬೇಕಾಗುವ ಉಸಿರು ಮಾತ್ರ ಹೆಚ್ಚು. ಟ್ಯಾಂಕಿನಲ್ಲಿ ಗಿಡಗಳಿದ್ದರೆ ರಾತ್ರಿ ಅವೂ ಆಮ್ಲಜನಕ ಎಳೆದುಕೊಳ್ಳುತ್ತವೆ. ಹಾಗಾಗಿಯೇ ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುವುದು.

ಆದರೆ ಮೂರು ತಿಂಗಳು ಚೆನ್ನಾಗಿದ್ದ ಟ್ಯಾಂಕಿನಲ್ಲಿ ಅಮೋನಿಯಾ ಎಲ್ಲಿಂದ ಬಂತು? ಹಿಂದಿನ ವಾರ ಏನೇನಾಯಿತು ಅಂತ ಕೂತು ಬರೆದೆ. ಭಾನುವಾರ ಫಿಲ್ಟರ್ ಸ್ಪಾಂಜ್ ಹೊಲಸಾಗಿದೆ ಅಂತ ನಳದ ಕೆಳಗೆ ಹಿಡಿದು, ಬೆಳ್ಳಗಾಗುವ ತನಕ ಹಿಂಡಿ ತೊಳೆದಿದ್ದೆ. ಅವತ್ತು ಬ್ಲೀಚಿಂಗ್ ವಾಸನೆ ಬರುತ್ತಿದ್ದ ನಳದ ನೀರು. ಬುಧವಾರ ಮಧ್ಯಾಹ್ನದಿಂದ ಆರು ಗಂಟೆ ಕರೆಂಟ್ ಇರಲಿಲ್ಲ. ಮೀನಿನ ಕಿವಿರಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಇರುವುದೇ ಆ ಸ್ಪಾಂಜಿನಲ್ಲಿ. ಅವು ನೆಲೆಯೂರಲು ಹೊಸ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ಅವನ್ನು ಕೊಲ್ಲುತ್ತದೆ. ನೀರು ಹರಿಯದೆ ನಿಂತರೆ ಅವಕ್ಕೂ ಉಸಿರು ಕಟ್ಟುತ್ತದೆ. ಇಷ್ಟರ ಮೇಲೆ ನಾನು ಹಾಕಿದ ನೀಲಿ ಔಷಧಿ ಉಳಿದವಕ್ಕೂ ಪೆಟ್ಟು ಕೊಟ್ಟಿತು. ಮೀನಿಗೆ ರೋಗವೇ ಇರಲಿಲ್ಲ. ಇದ್ದ ತೊಂದರೆಯನ್ನು ಔಷಧಿ ಇನ್ನೂ ಜಾಸ್ತಿ ಮಾಡಿತು.

ಅವತ್ತಿಂದ ಮಾಡಿದ್ದು ಇಷ್ಟು. ಊಟ ಪೂರ್ತಿ ನಿಲ್ಲಿಸಿದೆ. ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ತಿನ್ನದಿದ್ದರೂ ಸಾಯುವುದಿಲ್ಲ. ದಿನಾ ಬೆಳಗ್ಗೆ ಮೂರನೇ ಒಂದು ಭಾಗ ನೀರು ಬದಲಿಸಿದೆ. ಆ ನೀರನ್ನು ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದು, ಅದರಲ್ಲಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು, ಹಾಲ್‌ನಲ್ಲೇ ಇಡುತ್ತಿದ್ದೆ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರನ್ನು ಬೇಸಿಗೆಯ ಮಧ್ಯಾಹ್ನ ನೇರವಾಗಿ ಹಾಕಲೇಬೇಡಿ. ಕೈ ಇಡಲು ಆಗದಷ್ಟು ಕಾದಿರುತ್ತದೆ. ನಳದ ನೀರಾದರೆ 24 ಗಂಟೆ ಬಿಟ್ಟು ಹಾಕಿದೆ, ಅವಸರ ಇದ್ದಾಗ ಕ್ಲೋರಿನ್ ಕಳೆಯುವ ಹೈಪೋ ಹರಳು ಕರಗಿಸಿದೆ. ಏರ್ ಪಂಪ್ ಹಗಲು ರಾತ್ರಿ ಓಡಿತು. ಐದನೇ ದಿನ ಅಮೋನಿಯಾ ಇಳಿದು ನೈಟ್ರೈಟ್ ಏರಿತು. ಆಗ ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ 45 ಗ್ರಾಂ ಕಲ್ಲುಪ್ಪು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿದೆ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಮೂರು ವಾರದಲ್ಲಿ ಎರಡೂ ಸೊನ್ನೆಗೆ ಬಂದವು. ಉಳಿದ ಏಳು ಮೀನು ಬದುಕಿದವು.

ಆದರೂ ಪಿಎಚ್ 8.4 ನನ್ನ ತಲೆ ತಿನ್ನುತ್ತಿತ್ತು. ಅದನ್ನು ಇಳಿಸಿದರೆ ಅಪಾಯವೇ ತಪ್ಪುತ್ತದಲ್ಲ ಅನಿಸಿ ಪಿಎಚ್ ಇಳಿಸುವ ದ್ರಾವಣ ತಂದೆ. ಹಾಕಿದ ಗಂಟೆಯಲ್ಲಿ 7.2ಕ್ಕೆ ಬಂತು, ಖುಷಿಯಾಯಿತು. ಮರುದಿನ ಬೆಳಗ್ಗೆ ನೋಡಿದರೆ ಮತ್ತೆ 8.3. ಮತ್ತೆ ಹಾಕಿದೆ, ಮತ್ತೆ ಏರಿತು. ಮೊಲಿಗಳು ಈಜುರೆಕ್ಕೆ ಮುದುಡಿಕೊಂಡು ಇದ್ದಲ್ಲೇ ತೂಗಾಡತೊಡಗಿದವು. ನಮ್ಮ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ತುಂಬ ಇದೆ. ಆಮ್ಲ ಬಿದ್ದರೆ ಅದು ನುಂಗಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿ ಹಾರಿಹೋಗುತ್ತಿದ್ದಂತೆ ಪಿಎಚ್ ಮೊದಲಿನ ಜಾಗಕ್ಕೆ ವಾಪಸ್. ಮೀನಿಗೆ 8.3 ಅಭ್ಯಾಸವಾಗಿಬಿಡುತ್ತದೆ. ದಿನಕ್ಕೆರಡು ಸಲ ಏರಿಳಿಯುವುದು ಅಭ್ಯಾಸವಾಗುವುದಿಲ್ಲ. ಬಾಟಲಿಯನ್ನು ಅವತ್ತೇ ಎತ್ತಿಟ್ಟೆ.

ಇನ್ನೊಂದು ವಿಷಯ ನನ್ನನ್ನು ತುಂಬ ದಿನ ಗೊಂದಲದಲ್ಲಿ ಇಟ್ಟಿತ್ತು. ಬೋರ್ ಮೋಟಾರ್ ಹಾಕಿ ಆಗಷ್ಟೇ ಹಿಡಿದ ನೀರಿನ ಪಿಎಚ್ 7.3 ಬರುತ್ತಿತ್ತು. ಅದೇ ನೀರು ಟ್ಯಾಂಕಿನಲ್ಲಿ 8ರ ಮೇಲೆ. ಒಂದು ಬಕೆಟ್ ಹಿಡಿದು, ಏರ್ ಸ್ಟೋನ್ ಬಿಟ್ಟು, ಮರುದಿನ ಅಳೆದೆ. 8.1 ಬಂತು. ಆಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಮೇಲೆ ಬಂದು ಗಾಳಿ ಸಿಕ್ಕಮೇಲೆ ಹೊರಗೆ ಹೋಗುತ್ತದೆ. ಆದ್ದರಿಂದ ಬೋರ್ ನೀರನ್ನು ಹಿಡಿದ ಕೂಡಲೇ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಒಂದು ದಿನ ಬಿಟ್ಟು ಅಳೆಯಿರಿ.

8.1 ಬೋರ್ ನೀರಿನದಾದರೆ ಟ್ಯಾಂಕಿನಲ್ಲಿ 8.4 ಯಾಕೆ? ಉತ್ತರ ಟ್ಯಾಂಕಿನ ತಳದಲ್ಲೇ ಇತ್ತು. ಮೀನು ಅಡಗಲು ಅಂತ ಶಹಾಬಾದ್ ಕಲ್ಲಿನ ಚೂರುಗಳಿಂದ ಸಣ್ಣ ಗುಹೆ ಕಟ್ಟಿದ್ದೆ. ನಮ್ಮ ಮನೆಯ ನೆಲವೂ ಅದೇ ಕಲ್ಲು, ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದೇ ಅಲ್ವಾ. ಅದು ಸುಣ್ಣದ ಕಲ್ಲು. ಈ ಭಾಗದಲ್ಲಿ ಇಷ್ಟೊಂದು ಸಿಮೆಂಟ್ ಕಾರ್ಖಾನೆಗಳು ಇರುವುದೂ ಆ ಸುಣ್ಣದ ಕಲ್ಲಿನಿಂದಲೇ. ಒಂದು ಚೂರು ತೆಗೆದು ಒರೆಸಿ ವಿನೆಗರ್ ಹನಿ ಹಾಕಿದೆ. ಸಣ್ಣಗೆ ನೊರೆ ಬಂತು. ಯಾವ ಕಲ್ಲನ್ನೇ ಟ್ಯಾಂಕಿಗೆ ಹಾಕುವ ಮೊದಲು ಈ ಪರೀಕ್ಷೆ ಮಾಡಿ. ನೊರೆ ಬಂದರೆ ಆ ಕಲ್ಲು ನಿಧಾನಕ್ಕೆ ಕರಗಿ ನೀರಿನ ಗಡಸುತನ, ಪಿಎಚ್ ಎರಡನ್ನೂ ಏರಿಸಬಹುದು. ಗುಹೆ ತೆಗೆದು ಒಂದು ಮಣ್ಣಿನ ಕುಡಿಕೆ ಅಡ್ಡ ಮಲಗಿಸಿದೆ.

ಟಿಡಿಎಸ್ ಲೆಕ್ಕ ಇನ್ನೂ ಆಶ್ಚರ್ಯದ್ದು. ಬೋರ್ ನೀರು 780 ತೋರಿಸಿದರೆ ಟ್ಯಾಂಕಿನ ನೀರು 1,300 ದಾಟಿತ್ತು. ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ ಲೀಟರ್ ನೀರು ಆವಿಯಾಗುತ್ತಿತ್ತು. ಕಡಿಮೆಯಾದಷ್ಟು ಬೋರ್ ನೀರು ತುಂಬುತ್ತಿದ್ದೆ. ಆವಿಯಾಗುವುದು ಬರೀ ನೀರು, ಲವಣ ಅಲ್ಲೇ ಉಳಿಯುತ್ತದೆ. ತಿಂಗಳಿಗೆ 45 ಲೀಟರ್, ಅಂದರೆ ಇನ್ನೊಂದು ಟ್ಯಾಂಕಿನಷ್ಟು ಲವಣ ಸೇರಿಸುತ್ತಿದ್ದೆ. ಗಾಜಿನ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟಿದ್ದು ಅದರದ್ದೇ ಗುರುತು. ಈಗ ಆವಿಯಾದಷ್ಟಕ್ಕೆ ಮಾತ್ರ ಆರ್‌ಒ ನೀರು ಹಾಕುತ್ತೇನೆ. ವಾರದ ನೀರು ಬದಲಾವಣೆಗೆ ಬೋರ್ ಮತ್ತು ನಳದ ನೀರು ಅರ್ಧರ್ಧ. ಬರೀ ಆರ್‌ಒ ನೀರಿನಲ್ಲಿ ಮೀನು ಸಾಕುವುದು ಬೇಡ, ಅದರಲ್ಲಿ ಮೀನಿಗೆ ಬೇಕಾದ ಖನಿಜವೇ ಇರುವುದಿಲ್ಲ. 1,300ಕ್ಕೆ ಹೋಗಿದ್ದನ್ನು ಒಂದೇ ದಿನ ಇಳಿಸಲಿಲ್ಲ, ಒಂದು ತಿಂಗಳು ತೆಗೆದುಕೊಂಡೆ.

ಬಿಸಿಯ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಹೊರಗೆ 43 ಇದ್ದಾಗ ಟ್ಯಾಂಕ್ 34ಕ್ಕೆ ಹೋಗಿತ್ತು. ಐಸ್ ಬಾಟಲಿ ತೇಲಿಬಿಟ್ಟು ನೋಡಿದೆ. ಅರ್ಧ ಗಂಟೆಯಲ್ಲಿ ಮೂರು ಡಿಗ್ರಿ ಇಳಿದು, ಬಾಟಲಿ ಕರಗಿದ ಮೇಲೆ ಮತ್ತೆ ಏರಿತು. ಸಣ್ಣ ಟ್ಯಾಂಕಿಗೆ ಅದು ಸರಿಯಲ್ಲ. ಕೆಲಸ ಮಾಡಿದ್ದು ಒಂದು ಸಣ್ಣ ಫ್ಯಾನ್. ಮುಚ್ಚಳ ತೆಗೆದು ಬಲೆ ಹೊದಿಸಿ, ನೀರಿನ ಮೇಲೆ ಗಾಳಿ ಬೀಳುವ ಹಾಗೆ ಇಟ್ಟೆ. 34 ಇದ್ದದ್ದು 30ಕ್ಕೆ ಬಂದು ಅಲ್ಲೇ ನಿಂತಿತು. ನಮ್ಮದು ಒಣ ಬಿಸಿಲು, ನೀರು ಬೇಗ ಆವಿಯಾಗಿ ತಂಪಾಗುತ್ತದೆ. ಮನೆಯಲ್ಲಿ ಕೂಲರ್ ನಡೆಯುವುದು, ಮಡಕೆಯ ನೀರು ತಣ್ಣಗಿರುವುದು ಇದೇ ಕಾರಣಕ್ಕೆ. ಮಂಗಳೂರಿನ ತೇವದ ಗಾಳಿಯಲ್ಲಿ ಇಷ್ಟು ಫಲ ಸಿಗುವುದು ಕಷ್ಟ. ಕರೆಂಟ್ ಹೋದರೆ ಅಂತ ಯುಎಸ್‌ಬಿ ಏರ್ ಪಂಪ್ ಒಂದನ್ನು ಪವರ್ ಬ್ಯಾಂಕ್ ಜೊತೆ ಟ್ಯಾಂಕ್ ಪಕ್ಕದಲ್ಲೇ ಇಟ್ಟಿದ್ದೇನೆ. ಅದರ ಗಾಳಿಯಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಹಾಕಿದ್ದರಿಂದ ಈಗ ಆರು ಗಂಟೆ ಕರೆಂಟ್ ಇಲ್ಲದಿದ್ದರೂ ಬ್ಯಾಕ್ಟೀರಿಯಾ ಉಳಿಯುತ್ತವೆ. ಸ್ಪಾಂಜ್ ತೊಳೆಯುವುದು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ, ಎರಡು ಸಲ ಹಿಂಡಿದರೆ ಸಾಕು.

ಖರೇ ರೋಗ ಒಂದೇ ಒಂದು ಸಲ ಬಂತು. ಡಿಸೆಂಬರ್‌ನಲ್ಲಿ ಕಿಟಕಿ ತೆರೆದಿಟ್ಟ ಒಂದು ರಾತ್ರಿ ನೀರು 20ಕ್ಕೆ ಇಳಿದಿತ್ತು. ವಾರದೊಳಗೆ ಮೊಲಿಗಳ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಈ ಚುಕ್ಕೆಗೆ ಕಾರಣ ಒಂದು ಪರಾವಲಂಬಿ, ಅದು ಮೈಮೇಲೆ ಇರುವಾಗ ಸಾಮಾನ್ಯವಾಗಿ ಮದ್ದಿಗೆ ಸಿಗುವುದಿಲ್ಲ. ಕೆಳಗೆ ಬಿದ್ದು, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ನಿಲ್ಲಿಸಬಾರದು. ಮೊದಲು ಅಮೋನಿಯಾ, ನೈಟ್ರೈಟ್ ಸೊನ್ನೆ ಇದೆ ಎಂದು ನೋಡಿಕೊಂಡೆ. 50 ವ್ಯಾಟ್ ಹೀಟರ್‌ನಿಂದ ಎರಡು ದಿನದಲ್ಲಿ ನಿಧಾನವಾಗಿ 30ಕ್ಕೆ ಏರಿಸಿದೆ, ಲೀಟರಿಗೆ ಎರಡು ಗ್ರಾಂ ಉಪ್ಪು ಹಾಕಿದೆ, ಹದಿನಾಲ್ಕು ದಿನ ಹಾಗೇ ಇಟ್ಟೆ. ಒಂದೂ ಸಾಯಲಿಲ್ಲ.

ಉಳಿದಿದ್ದ ಗೋಲ್ಡ್ ಫಿಶ್ ಅನ್ನು ಗೆಳೆಯನ ತೋಟದ ಸಿಮೆಂಟ್ ತೊಟ್ಟಿಗೆ ಬಿಟ್ಟೆವು. ಅದು ಬೆಳೆಯುವ ಮೀನು, ಹೊಲಸೂ ಜಾಸ್ತಿ ಮಾಡುತ್ತದೆ, 45 ಲೀಟರ್ ಅದಕ್ಕೆ ಸಾಲದು. ಈಗ ನಮ್ಮಲ್ಲಿರುವುದು ಗಪ್ಪಿ ಮತ್ತು ಮೊಲಿ ಮಾತ್ರ. ಎರಡಕ್ಕೂ ಗಡಸು ನೀರೇ ಹಿಡಿಸುತ್ತದೆ. ನಿಯಾನ್ ಟೆಟ್ರಾ ಬೇಕು ಅಂತ ಮಗಳು ಕೇಳುತ್ತಿರುತ್ತಾಳೆ. ಅದು ಮೆದು ನೀರಿನ ಮೀನು, ನಮ್ಮ ಬೋರ್ ನೀರಿನಲ್ಲಿ ಅದನ್ನು ಕಷ್ಟಪಡಿಸಲು ನನಗೆ ಮನಸ್ಸಿಲ್ಲ.

ಹೋದ ವಾರ ಕಪ್ಪು ಮೊಲಿ ಮರಿ ಹಾಕಿದೆ. ಹದಿನಾಲ್ಕು ಎಣಿಸಿದೆವು, ಮಣ್ಣಿನ ಕುಡಿಕೆಯೊಳಗೆ ಇನ್ನೂ ಇರಬಹುದು. ನೀರು ತೆಗೆಯುವ ಪೈಪಿನ ಬಾಯಿಗೆ ಮಗಳ ಹಳೆಯ ಕಾಲುಚೀಲ ಕಟ್ಟಿದ್ದೇವೆ, ಮರಿಗಳು ಒಳಗೆ ಎಳೆದುಹೋಗದಿರಲಿ ಅಂತ. ಶನಿವಾರ ಬೆಳಗ್ಗೆ ಹನಿ ಹಾಕಿ ಬಣ್ಣ ನೋಡಿ ಬರೆದಿಡುವ ಕೆಲಸ ಈಗ ಅವಳದೇ. ಈ ವಾರ ಅವಳ ನೋಟ್‌ಬುಕ್‌ನಲ್ಲಿ ಹೀಗಿದೆ: ಅಮೋನಿಯಾ 0, ಪಿಎಚ್ 8.1, ಬಿಸಿ 28, ಟಿಡಿಎಸ್ 610, ಮರಿಗಳು 14.